ಲಿಂಕ್ ಕಳಿಸೋ ಮೊದಲು ನಾನು ಬರೆಯೋ ನಾಲ್ಕು ಸಾಲು

2024ರ ಏಪ್ರಿಲ್‌ನಲ್ಲಿ ಗೆಳೆಯರ ಗ್ರೂಪಿಗೆ ಒಂದು ಸುದ್ದಿ ಹಾಕಿದ್ದೆ, ವಾಯೇಜರ್ 1 ಮತ್ತೆ ಅರ್ಥವಾಗೋ ಹಾಗೆ ಮಾತಾಡ್ತಿದೆ ಅಂತ. 1977ರಲ್ಲಿ ಹಾರಿಸಿದ ನೌಕೆ ಅದು, 2023ರ ನವೆಂಬರ್‌ನಿಂದ ತಲೆಬುಡ ಇಲ್ಲದ ಡೇಟಾ ಕಳಿಸ್ತಾ ಇತ್ತು, ಐದು ತಿಂಗಳು ಒದ್ದಾಡಿ ನಾಸಾದವರು ಸರಿ ಮಾಡಿದ್ರು. ಲಿಂಕ್ ಜೊತೆ ನಾನು ಬರೆದಿದ್ದು ಇಷ್ಟು: "ಇಲ್ಲಿಂದ ಒಂದು ಆದೇಶ ಕಳಿಸಿದ್ರೆ ಅಲ್ಲಿ ಮುಟ್ಟೋಕೆ 22.5 ಗಂಟೆ, ಕೆಲಸ ಆಯ್ತೋ ಇಲ್ವೋ ಅಂತ ತಿಳಿಯೋಕೆ ಇನ್ನೂ ಅಷ್ಟೇ ಹೊತ್ತು. ಒಂದು ಮೆಮೊರಿ ಚಿಪ್ ಕೆಟ್ಟಿತ್ತು, ಅದರಲ್ಲಿದ್ದ ಕೋಡ್ ಪೂರ್ತಿ ಹಿಡಿಸೋ ಜಾಗ ಬೇರೆಲ್ಲೂ ಇರಲಿಲ್ಲ, ಅದಕ್ಕೆ ತುಂಡು ತುಂಡು ಮಾಡಿ ಸಿಕ್ಕ ಸಿಕ್ಕ ಜಾಗದಲ್ಲಿ ಇಟ್ರಂತೆ." ಯಾವಾಗಲೂ ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗೋರು ಅವತ್ತು ಮಧ್ಯರಾತ್ರಿವರೆಗೂ ಮಾತಾಡಿದ್ರು. ಎರಡು ದಿನ ಉತ್ತರಕ್ಕೆ ಕಾಯ್ಕೊಂಡು ಕೂರೋದು ಹೇಗಿರುತ್ತೆ ಅಂತ ಒಬ್ಬ ಕೇಳಿದ, ಇನ್ನೊಬ್ಬಳು ತಾನು ಕೆಲಸ ಮಾಡೋ ಹಳೇ ಮೆಷಿನ್‌ಗಳ ಕಥೆ ತೆಗೆದಳು.

ಮೊದಲು ಹೀಗಿರಲಿಲ್ಲ. ವರ್ಷಗಟ್ಟಲೆ ನಾನು ಬರೀ ಲಿಂಕ್ ಎಸೀತಿದ್ದೆ, ದಿನಕ್ಕೆ ಏಳೆಂಟು, ಜೊತೆಗೆ "ವಾವ್" ಅಂತಲೋ "ಓದಲೇಬೇಕು" ಅಂತಲೋ ಒಂದು ಮಾತು. ಯಾರೂ ಓದ್ತಿರಲಿಲ್ಲ. ನಾನೇ ಎಷ್ಟೋ ಸಲ ಪೂರ್ತಿ ಓದಿರ್ತಿರಲಿಲ್ಲ, ಹೆಡ್‌ಲೈನ್ ನೋಡಿದ ತಕ್ಷಣ ಬೆರಳು ಷೇರ್ ಬಟನ್ ಮೇಲೆ ಹೋಗಿರ್ತಿತ್ತು. 2016ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಸಂಶೋಧಕರು ಟ್ವಿಟರ್‌ನಲ್ಲಿ ಹಂಚಿದ ಸುದ್ದಿ ಲಿಂಕ್‌ಗಳನ್ನ ಲೆಕ್ಕ ಹಾಕಿದ್ರು, ಅದರಲ್ಲಿ ಶೇಕಡ 59ರಷ್ಟನ್ನ ಒಬ್ಬರೂ ತೆರೆದು ನೋಡಿರಲಿಲ್ಲ. ಆ ಅಂಕಿ ಓದಿದಾಗ ನನ್ನ ಬಗ್ಗೆಯೇ ಯಾರೋ ಬರೆದ ಹಾಗಿತ್ತು. ಅವತ್ತಿಂದ ಒಂದು ನಿಯಮ ಇಟ್ಕೊಂಡೆ: ಸುದ್ದಿ ಬಗ್ಗೆ ನಾಲ್ಕು ಸಾಲು ನನ್ನ ಮಾತಲ್ಲಿ ಬರೆಯೋಕೆ ಆಗದಿದ್ರೆ ಅದನ್ನ ಕಳಿಸೋದಿಲ್ಲ. ದಿನಕ್ಕೆ ಎಂಟು ಹೋಗ್ತಿದ್ದದ್ದು ವಾರಕ್ಕೆ ಎರಡೋ ಮೂರೋ ಆಯ್ತು.

ನಾಲ್ಕು ಸಾಲು ಅಂದ್ರೆ ಎಣಿಸಿ ನಾಲ್ಕೇ ಅಂತಲ್ಲ. ಏನಾಯ್ತು, ಯಾರು ಹೇಳ್ತಿದಾರೆ, ಅವರಿಗೆ ಅದು ಹೇಗೆ ಗೊತ್ತಾಯ್ತು, ಕೊನೆಗೆ ನನಗೇನನ್ನಿಸ್ತು. ಈ ಕೊನೇದನ್ನ ಯಾವಾಗಲೂ ಬೇರೆ ಪ್ಯಾರಾದಲ್ಲಿ ಹಾಕ್ತೀನಿ, "ನನಗನ್ನಿಸೋದು" ಅಂತಲೇ ಶುರು ಮಾಡ್ತೀನಿ. ಯಾಕಂದ್ರೆ ಒಂದು ಸಲ ನನ್ನ ಊಹೆಯನ್ನೂ ಸುದ್ದಿಯನ್ನೂ ಕಲಸಿ ಬರೆದಿದ್ದೆ, ಗೆಳೆಯನೊಬ್ಬ ನನ್ನ ಊಹೆಯ ಭಾಗವನ್ನೇ ಸುದ್ದಿ ಅಂದ್ಕೊಂಡು ಅವನ ಆಫೀಸಲ್ಲಿ ಹೇಳಿ ಮುಜುಗರಪಟ್ಟ. ತಪ್ಪು ನನ್ನದು, ಅವನದಲ್ಲ.

ಮೂರನೇ ಪ್ರಶ್ನೆ, ಅಂದ್ರೆ ಅವರಿಗೆ ಹೇಗೆ ಗೊತ್ತಾಯ್ತು ಅನ್ನೋದು, ಅದರಲ್ಲೇ ಜಾಸ್ತಿ ಹೊತ್ತು ಹೋಗುತ್ತೆ, ಹೋಗಲೂಬೇಕು. ಆರೋಗ್ಯದ ಸುದ್ದಿಯಲ್ಲಂತೂ ಅದೇ ಮುಖ್ಯ. 2015ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಂಸ್ಕರಿಸಿದ ಮಾಂಸವನ್ನ (ಸಾಸೇಜ್, ಬೇಕನ್ ಥರದ್ದು) ತಂಬಾಕು ಇರೋ ಪಟ್ಟಿಗೇ ಸೇರಿಸಿತು, ತಕ್ಷಣ ಎಲ್ಲಾ ಕಡೆ "ಸಿಗರೇಟಿನಷ್ಟೇ ಅಪಾಯ" ಅಂತ ಹೆಡ್‌ಲೈನ್. ಕೂತು ಓದಿದ್ರೆ ವಿಷಯ ಬೇರೆ. ಆ ಪಟ್ಟಿ ಹೇಳೋದು ಸಾಕ್ಷಿ ಎಷ್ಟು ಗಟ್ಟಿ ಇದೆ ಅಂತ ಮಾತ್ರ, ಅಪಾಯ ಎಷ್ಟು ದೊಡ್ಡದು ಅಂತಲ್ಲ. ದಿನಕ್ಕೆ 50 ಗ್ರಾಂ ತಿಂದ್ರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇಕಡ 18 ಜಾಸ್ತಿ ಅಂತ ಅವರ ಲೆಕ್ಕ. ನೂರರಲ್ಲಿ ಹದಿನೆಂಟು ಜನಕ್ಕೆ ಬರುತ್ತೆ ಅಂತ ಅದರ ಅರ್ಥ ಅಲ್ವೇ ಅಲ್ಲ! ನೂರರಲ್ಲಿ ಐದು ಜನಕ್ಕೆ ಬರೋ ಕಡೆ ಸುಮಾರು ಆರು ಜನಕ್ಕೆ ಬರಬಹುದು ಅಂತ. ಆ ಒಂದು ಸಾಲು ಬರೆದು ಹಾಕಿದಾಗ ಹೆದರಿಕೊಂಡಿದ್ದ ಇಬ್ಬರು ಸಮಾಧಾನವಾಗಿ ವಿಚಾರ ಮಾಡೋಕೆ ಶುರು ಮಾಡಿದ್ರು, ಮೊದಲೇ ಕಮ್ಮಿ ಮಾಡಬೇಕು ಅಂದ್ಕೊಂಡಿದ್ದ ಇನ್ನೊಬ್ಬರು ಅದಕ್ಕೂ ಇದೇ ಕಾರಣ ಸಾಕು ಅಂದ್ರು. ಎರಡೂ ಸರಿಯೇ. ಹಾಗೇ "ಹೊಸ ಔಷಧಿ ಕಂಡುಹಿಡಿದರು" ಅನ್ನೋ ಸುದ್ದಿ ಬಂದ್ರೆ ನಾನು ಮೊದಲು ಹುಡುಕೋದು "ಇಲಿ" ಅನ್ನೋ ಪದ. ಎಷ್ಟೋ ಸಲ ಏಳನೇ ಪ್ಯಾರಾದಲ್ಲಿ ಸಿಗುತ್ತೆ. ಸಿಕ್ಕರೆ ನನ್ನ ಮೊದಲ ಸಾಲಿನಲ್ಲೇ ಹಾಕ್ತೀನಿ, ಇದು ಇಲಿಗಳ ಮೇಲೆ ಮಾಡಿದ್ದು, ಮನುಷ್ಯರ ಮೇಲೆ ಇನ್ನೂ ಆಗಿಲ್ಲ ಅಂತ.

ಫೋಟೋ ವಿಚಾರದಲ್ಲಿ ನಾನು ಸರಿಯಾಗಿ ಎಡವಿದ್ದು 2017ರಲ್ಲಿ. ಅಮೆರಿಕದಲ್ಲಿ ಹಾರ್ವೆ ಚಂಡಮಾರುತ ಬಂದು ಪ್ರವಾಹ ಆದಾಗ, ನೀರು ತುಂಬಿದ ಹೆದ್ದಾರಿಯಲ್ಲಿ ಕಾರಿನ ಪಕ್ಕ ಶಾರ್ಕ್ ಈಜ್ತಿರೋ ಚಿತ್ರ ಬಂತು, ನಾನು ಕಳಿಸಿಬಿಟ್ಟೆ. ಅರ್ಧ ಗಂಟೆಯಲ್ಲಿ ಗ್ರೂಪಿನ ಒಬ್ಬಳು ಅದೇ ಚಿತ್ರ 2011ರ ಇನ್ನೊಂದು ಚಂಡಮಾರುತದ ಸಮಯದಲ್ಲೂ ಓಡಾಡಿತ್ತು ಅಂತ ತೋರಿಸಿದಳು. ಆ ಶಾರ್ಕ್ ನಿಜವಾಗಿ ಯಾರೋ ಒಬ್ಬರ ಸಣ್ಣ ದೋಣಿಯ ಹಿಂದೆ ಸಮುದ್ರದಲ್ಲಿ ಈಜ್ತಿದ್ದದ್ದು, ಆ ಹಳೇ ಫೋಟೋದಿಂದ ಕತ್ತರಿಸಿ ರಸ್ತೆ ಮೇಲೆ ಅಂಟಿಸಿದ್ರು. ಅಲ್ಲಿ ಜನ ನಿಜವಾಗಿಯೂ ಮನೆ ಕಳ್ಕೊಂಡು ಕೂತಿದ್ರು, ಅವರ ಸುದ್ದಿ ಬಿಟ್ಟು ನಾನು ಈ ಸುಳ್ಳು ಚಿತ್ರಕ್ಕೆ ಎಲ್ಲರ ಗಮನ ಎಳೆದಿದ್ದೆ, ಅದು ಇವತ್ತಿಗೂ ಕಸಿವಿಸಿ. ಈಗ ಯಾವ ಫೋಟೋ ಆದ್ರೂ ಮೊದಲು ಗೂಗಲ್ ಲೆನ್ಸ್‌ನಲ್ಲೋ ಟಿನ್‌ಐನಲ್ಲೋ ಹಾಕಿ ಅದೇ ಚಿತ್ರ ಬೇರೆಲ್ಲಿ ಬಂದಿದೆ ಅಂತ ನೋಡ್ತೀನಿ, ಟಿನ್‌ಐನಲ್ಲಿ ಹಳೇದು ಮೊದಲು ಬರೋ ಹಾಗೆ ಜೋಡಿಸಬಹುದು, ಚಿತ್ರ ಮೊದಲ ಸಲ ಎಲ್ಲಿ ಕಂಡಿತ್ತು ಅಂತ ಸುಮಾರಾಗಿ ಗೊತ್ತಾಗುತ್ತೆ.

ಇನ್ನೊಂದು ಅಭ್ಯಾಸ ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಮಾಡಿದ ಅಧ್ಯಯನದ ಬಗ್ಗೆ ಓದಿ ಕಲಿತದ್ದು. ಅವರು ಇತಿಹಾಸದ ಪ್ರೊಫೆಸರ್‌ಗಳು, ವಿದ್ಯಾರ್ಥಿಗಳು, ಫ್ಯಾಕ್ಟ್ ಚೆಕ್ ಮಾಡೋರು, ಈ ಮೂರು ಗುಂಪಿಗೂ ಒಂದೇ ಥರದ ವೆಬ್ ಪುಟಗಳನ್ನ ಕೊಟ್ಟು ನೋಡಿದ್ರು. ಮೊದಲ ಎರಡು ಗುಂಪಿನವರು ಅದೇ ಪುಟವನ್ನ ಮೇಲಿಂದ ಕೆಳಗೆ ಓದಿ ಚೆನ್ನಾಗಿದೆ ಅಂತ ನಂಬಿಬಿಡೋದೇ ಜಾಸ್ತಿ, ಫ್ಯಾಕ್ಟ್ ಚೆಕ್ ಮಾಡೋರು ಮಾತ್ರ ಸ್ವಲ್ಪ ನೋಡಿದ್ದೇ ಹೊಸ ಟ್ಯಾಬ್ ತೆರೆದು ಈ ಪುಟದವರು ಯಾರು ಅಂತ ಬೇರೆಯವರು ಏನು ಹೇಳ್ತಾರೆ ನೋಡ್ತಿದ್ರು. ನಾನೂ ಈಗ ಹಾಗೇ ಮಾಡ್ತೀನಿ. ಎರಡು ನಿಮಿಷದ ಕೆಲಸ.

ಲಿಂಕ್ ಸಾಯುತ್ತೆ ಅನ್ನೋದನ್ನೂ ಮರೀಬೇಡಿ. 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇಕಡ 38 ಹತ್ತು ವರ್ಷದಲ್ಲಿ ಕಾಣೆಯಾಗಿವೆ ಅಂತ ಅಮೆರಿಕದ ಪ್ಯೂ ರಿಸರ್ಚ್ ಅನ್ನೋ ಅಧ್ಯಯನ ಸಂಸ್ಥೆ 2024ರಲ್ಲಿ ಹೇಳಿತು. ನನ್ನ ಹಳೇ ಟಿಪ್ಪಣಿಗಳಲ್ಲೂ ಸುಮಾರು ಲಿಂಕ್ ಹೀಗೇ ಸತ್ತಿವೆ, ನಾನು ಬರೆದ "ವಾವ್" ಮಾತ್ರ ಉಳಿದಿದೆ, ಯಾವುದಕ್ಕೆ ಅಂತ ನನಗೇ ಗೊತ್ತಿಲ್ಲ. ಈಗ ಕಳಿಸೋ ಮೊದಲು ವೆಬ್ ಪುಟಗಳ ಪ್ರತಿ ಕಾಪಾಡಿಡೋ ವೇಬ್ಯಾಕ್ ಮಷಿನ್ ಅನ್ನೋ ತಾಣದಲ್ಲಿ ಒಂದು ಪ್ರತಿ ಉಳಿಸಿ, ದಿನಾಂಕ ಬರೆದಿಡ್ತೀನಿ.

ದಿನಾಂಕ ಯಾಕೆ ಅಂದ್ರೆ ನಾನು ವಾಪಸ್ ಹೋಗಿ ನೋಡ್ತೀನಿ. ಇದು ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ. 2011ರ ಸೆಪ್ಟೆಂಬರ್‌ನಲ್ಲಿ ನ್ಯೂಟ್ರಿನೋ ಅನ್ನೋ ಅತಿ ಸಣ್ಣ ಕಣಗಳು ಬೆಳಕಿಗಿಂತ ಜೋರಾಗಿ ಓಡಿದವು ಅಂತ ಸುದ್ದಿ ಬಂದಿತ್ತಲ್ಲ, ಯುರೋಪಿನ ಸರ್ನ್ ಭೌತವಿಜ್ಞಾನ ಕೇಂದ್ರದಿಂದ ಇಟಲಿಯ ಗ್ರಾನ್ ಸಾಸ್ಸೋ ಪ್ರಯೋಗಾಲಯದವರೆಗೆ ಸುಮಾರು 730 ಕಿಲೋಮೀಟರ್, 60 ನ್ಯಾನೋಸೆಕೆಂಡ್ ಮುಂಚೆ ಬಂದವು ಅಂತ. ಆ ವಿಜ್ಞಾನಿಗಳು ತಾವೇ "ದಯವಿಟ್ಟು ಬೇರೆಯವರೂ ಪರೀಕ್ಷೆ ಮಾಡಿ" ಅಂತ ಕೇಳ್ಕೊಂಡಿದ್ರು. ಬೆಳಕಿಗಿಂತ ಜೋರಾಗಿ ಏನೂ ಓಡೋಕಾಗಲ್ಲ ಅನ್ನೋದು ಐನ್‌ಸ್ಟೈನ್ ಸಿದ್ಧಾಂತ, ಅದಕ್ಕೆ ನಾನು ಆ ಸಾಲು ಬಿಟ್ಟು "ಐನ್‌ಸ್ಟೈನ್ ತಪ್ಪು" ಅಂತ ಸಿಕ್ಕವರಿಗೆಲ್ಲ ಕಳಿಸಿದ್ದೆ. ಮುಂದಿನ ವರ್ಷ ಒಂದು ಫೈಬರ್ ಕೇಬಲ್ ಸರಿಯಾಗಿ ಕೂತಿರಲಿಲ್ಲ, ಅದಕ್ಕೇ ಸಮಯದ ಲೆಕ್ಕ ತಪ್ಪಿತ್ತು ಅಂತ ಗೊತ್ತಾಯ್ತು, ಅದನ್ನ ನಾನು ಯಾರಿಗೂ ಹೇಳಲಿಲ್ಲ. ತುಂಬಾ ವರ್ಷ ಆದ ಮೇಲೆ ಒಬ್ಬ ಗೆಳೆಯ ಮಾತಿನ ಮಧ್ಯೆ "ಐನ್‌ಸ್ಟೈನ್ ತಪ್ಪು ಅಂತ ಸಾಬೀತಾಗಿದೆಯಲ್ಲ, ನೀನೇ ಕಳಿಸಿದ್ದೆ" ಅಂದಾಗ ನನಗೆ ಮಾತೇ ಹೊರಡಲಿಲ್ಲ.

ಅದಕ್ಕೆ ಒಂದು ನೋಟ್‌ಬುಕ್ ಇಟ್ಟಿದೀನಿ. ಕಳಿಸಿದ ಪ್ರತಿ ಸುದ್ದಿಗೂ ಒಂದು ಸಾಲು, ಆರು ತಿಂಗಳಿಗೊಂದು ಸಲ ತಿರುವಿ ಹಾಕ್ತೀನಿ. 2023ರ ಜುಲೈನಲ್ಲಿ ಎಲ್‌ಕೆ-99 ಅನ್ನೋ ವಸ್ತು ಕೋಣೆಯ ಉಷ್ಣತೆಯಲ್ಲೇ ಸೂಪರ್‌ಕಂಡಕ್ಟರ್, ಅಂದ್ರೆ ಯಾವ ತಡೆಯೂ ಇಲ್ಲದೆ ವಿದ್ಯುತ್ ಹರಿಯೋಕೆ ಬಿಡುತ್ತೆ ಅಂತ ಬಂದಾಗ "ಬೇರೆ ಲ್ಯಾಬ್‌ನವರು ಮಾಡಿ ನೋಡೋವರೆಗೆ ಕಾಯೋಣ" ಅಂತ ಬರೆದು ಹಾಕಿದ್ದೆ, ಆಗಸ್ಟ್‌ನಲ್ಲೇ ಉತ್ತರ ಬಂತು, ಅದು ಸೂಪರ್‌ಕಂಡಕ್ಟರ್ ಅಲ್ಲ, ಒಳಗೆ ಕಲಬೆರಕೆಯಾಗಿದ್ದ ತಾಮ್ರದ ಸಲ್ಫೈಡ್ ಆ ಆಟ ಆಡಿಸಿತ್ತು. ಅದೇ ಹಳೇ ಮೆಸೇಜಿಗೆ ರಿಪ್ಲೈ ಮಾಡಿ ತಿಳಿಸಿದೆ, ಹಾಗೆ ಮಾಡಿದ್ರೆ ಮೊದಲು ಓದಿದವರಿಗೇ ತಿದ್ದುಪಡಿಯೂ ಮುಟ್ಟುತ್ತೆ. ಹಳೇ ಮೆಸೇಜ್ ಡಿಲೀಟ್ ಮಾಡೋದಿಲ್ಲ.

ಪುಟ ತಿರುವೋವಾಗ ಪ್ರತಿ ಸಲ ನಾನು ನಿಲ್ಲೋದು 2020ರ ಸೆಪ್ಟೆಂಬರ್ 14ರ ಸಾಲಿನ ಹತ್ರ. ಶುಕ್ರ ಗ್ರಹದ ಮೋಡಗಳಲ್ಲಿ ಫಾಸ್ಫೀನ್ ಅನಿಲ ಕಂಡಿದೆ, ಭೂಮಿಯಲ್ಲಿ ಸೂಕ್ಷ್ಮಜೀವಿಗಳೂ ಅದನ್ನ ಮಾಡುತ್ವೆ ಅಂತ ಜೇನ್ ಗ್ರೀವ್ಸ್ ತಂಡ ಹೇಳಿತ್ತು. ಅದರ ಕೆಳಗೆ ಆಮೇಲೆ ಸೇರಿಸಿದ ಸಾಲುಗಳಿವೆ: ಅದೇ ತಂಡ ಡೇಟಾ ಮತ್ತೆ ಪರಿಶೀಲಿಸಿ ಪ್ರಮಾಣ ಮೊದಲು ಹೇಳಿದ್ದಕ್ಕಿಂತ ತುಂಬಾ ಕಮ್ಮಿ ಅಂದಿದ್ದು, ಬೇರೆಯವರು ಅದು ಸಲ್ಫರ್ ಡೈಆಕ್ಸೈಡ್ ಇರಬಹುದು ಅಂದಿದ್ದು, ಗ್ರೀವ್ಸ್ ತಂಡ ಮತ್ತೆ ಇದೆ ಅಂದಿದ್ದು. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಹಾಕಿದ ಪ್ರಶ್ನೆ ಚಿಹ್ನೆ ಇನ್ನೂ ಹಾಗೇ ಇದೆ. ಹೋದ ಸಲ ಗ್ರೂಪಲ್ಲಿ ಒಬ್ಬ ತಾನಾಗೇ ಕೇಳಿದ, "ಶುಕ್ರದ್ದು ಏನಾಯ್ತು?" ಅಂತ. ಇನ್ನೂ ತೀರ್ಮಾನ ಆಗಿಲ್ಲ ಅಂತ ಹೇಳಿ, ಆ ಮೂರು ಸಾಲನ್ನ ಟೈಪ್ ಮಾಡಿ ಕಳಿಸಿದೆ.