ಬಿಎಸ್ಸಿಯ ಮೂರು ವಿಷಯಕ್ಕೆ ಒಂದೇ ಲೋಲಕ

ಸಿರಾ, ಗುಬ್ಬಿ, ಪಾವಗಡದ ಕಡೆಯಿಂದ ತುಮಕೂರಿಗೆ ಬಂದು ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್ ತಗೊಂಡವರಲ್ಲಿ ಬಹಳ ಜನ ಮೂರನ್ನೂ ಬೇರೆ ಬೇರೆಯಾಗಿ ಬಾಯಿಪಾಠ ಮಾಡಲು ಹೊರಡುತ್ತಾರೆ. ಇಂಟರ್ನಲ್ಸ್ ಹೊತ್ತಿಗೆ ಸುಸ್ತು. ಒಂದೇ ಲೆಕ್ಕವನ್ನು ಮೂರೂ ನೋಟ್‌ಬುಕ್ಕಿನಲ್ಲಿ ಮಾಡಿದರೆ ಓದು ಹಗುರ. ಸರಳ ಲೋಲಕದಿಂದ ಶುರು ಮಾಡಿ.

ಮೊದಲು ಲ್ಯಾಬ್. ದಾರ ಕಟ್ಟಿದ ಜಾಗದಿಂದ ಗುಂಡಿನ ಮಧ್ಯದವರೆಗೆ ಉದ್ದ ಅಳೆಯಿರಿ. ಗುಂಡಿನ ತ್ರಿಜ್ಯ ಸೇರಿಸುವುದು ಮರೆತುಹೋಗುತ್ತದೆ. 1 ಮೀಟರ್ ಉದ್ದಕ್ಕೆ ಆವರ್ತ ಕಾಲ (ಒಂದು ಪೂರ್ತಿ ಆಂದೋಲನಕ್ಕೆ ಹಿಡಿಯುವ ಸಮಯ) ಸುಮಾರು 2 ಸೆಕೆಂಡ್. ಸ್ಟಾಪ್‌ವಾಚ್ ಒತ್ತುವಾಗ 0.2 ಸೆಕೆಂಡ್ ತಪ್ಪಿತೆನ್ನಿ. ಒಂದೇ ಆಂದೋಲನ ಅಳೆದಿದ್ದರೆ ಅದು ಶೇ 10 ದೋಷ. ಜಿ, ಅಂದರೆ ಗುರುತ್ವ ವೇಗೋತ್ಕರ್ಷದ ಸೂತ್ರದಲ್ಲಿ ಕಾಲದ ವರ್ಗ ಇರುವುದರಿಂದ ಅಲ್ಲಿ ಸುಮಾರು ಶೇ 20. 20 ಆಂದೋಲನ ಅಳೆದರೆ ಜಿ ದೋಷ ಶೇ 1ಕ್ಕೆ ಇಳಿಯುತ್ತದೆ. ಗುಂಡು ನಡುಗೆರೆ ದಾಟುವಾಗ ವಾಚ್ ಒತ್ತಿ ‘ಸೊನ್ನೆ’ ಎನ್ನಿ, ‘ಒಂದು’ ಅಲ್ಲ. ಒಂದರಿಂದ ಎಣಿಸಿದರೆ ಆಗುವುದು 19 ಆಂದೋಲನ ಮಾತ್ರ, ಜಿ 10.8ರ ಆಸುಪಾಸು ಬರುತ್ತದೆ. ಆಗ ಉತ್ತರವನ್ನು 9.8ಕ್ಕೆ ತಿದ್ದಿ ರೆಕಾರ್ಡ್ ಬರೆಯುವ ಚಾಳಿ ಇದೆ. ವೈವಾದಲ್ಲಿ (ಮೌಖಿಕ ಪರೀಕ್ಷೆ) ಎರಡೇ ಪ್ರಶ್ನೆಗೆ ಸಿಕ್ಕಿಬೀಳುತ್ತೀರಿ.

ಗಣಿತದ ನೋಟ್‌ಬುಕ್ಕಿನಲ್ಲಿ, ಲೋಲಕದ ಸೂತ್ರ ತರುವಾಗ ಸೈನ್ ಥೀಟಾ ಬದಲು ಬರೀ ಥೀಟಾ (ಲೋಲಕ ವಾಲಿದ ಕೋನ) ಹಾಕಿದ್ದು ಏಕೆಂದು ಟೇಲರ್ ಸರಣಿ ಬಿಡಿಸಿ ನೋಡಿ. ಆವರ್ತ ಕಾಲದಲ್ಲಿ ಇದರಿಂದ ಬರುವ ವ್ಯತ್ಯಾಸ 5 ಡಿಗ್ರಿಗೆ ಶೇ 0.05, 30 ಡಿಗ್ರಿಗೆ ಶೇ 1.7. ಲ್ಯಾಬ್‌ನಲ್ಲಿ ‘ಸಣ್ಣದಾಗಿ ಎಳೆದು ಬಿಡಿ’ ಅನ್ನುವುದು ಇದಕ್ಕೇ.

ಇನ್ನು ಪೈಥಾನ್. ಲ್ಯಾಪ್‌ಟಾಪ್ ಇಲ್ಲದಿದ್ದರೆ ಮೊಬೈಲಿನಲ್ಲೂ ಓಡುತ್ತದೆ. 0.01 ಸೆಕೆಂಡಿನ ಹೆಜ್ಜೆ ಇಟ್ಟು ಆಯ್ಲರ್ ವಿಧಾನದಲ್ಲಿ, ಅಂದರೆ ಈಗಿನ ಬೆಲೆಗಳಿಂದ ಮುಂದಿನ ಹೆಜ್ಜೆಯ ಬೆಲೆ ಲೆಕ್ಕ ಹಾಕುತ್ತಾ, ಕೋನ, ಕೋನವೇಗ ಎರಡನ್ನೂ ಮುಂದಕ್ಕೆ ಒಯ್ಯುತ್ತಾ ಹೋಗಿ. 5 ಡಿಗ್ರಿಯಲ್ಲಿ ಬಿಟ್ಟ ಲೋಲಕ 10 ಸೆಕೆಂಡಿಗೆ 8 ಡಿಗ್ರಿವರೆಗೆ ತೂಗುತ್ತಿರುತ್ತದೆ! ಯಾರೂ ತಳ್ಳಿಲ್ಲ, ಹಳೆಯ ಕೋನ, ಹಳೆಯ ವೇಗದಿಂದಲೇ ಹೊಸದೆರಡನ್ನೂ ಲೆಕ್ಕ ಹಾಕಿದ್ದರಿಂದ ಹೆಜ್ಜೆ ಹೆಜ್ಜೆಗೂ ಶಕ್ತಿ ಸೇರಿಕೊಂಡಿದೆ. ಮೊದಲು ವೇಗ ಬದಲಿಸಿ, ಆ ಹೊಸ ವೇಗದಿಂದ ಕೋನ ಬದಲಿಸಿ. ಇಷ್ಟು ಬದಲಿಸಿದರೆ ಸಾಕು, ತೂಗಾಟ ಹತೋಟಿಗೆ ಬರುತ್ತದೆ. ಇನ್ನೊಂದು ಎಡವಟ್ಟು: ಪೈಥಾನಿನ ಸೈನ್ ಕೇಳುವುದು ರೇಡಿಯನ್. ನೇರ 5 ಕೊಟ್ಟರೆ 0.087 ಬದಲು ಮೈನಸ್ 0.96 ಬರುತ್ತದೆ.

ಬಸ್ಸಿನಲ್ಲಿ ಡೆರಿವೇಶನ್ ತಲೆಗೆ ಹತ್ತುವುದಿಲ್ಲ, ಅಲ್ಲಿ ವ್ಯಾಖ್ಯೆಗಳನ್ನಷ್ಟೇ ತಿರುವಿಹಾಕಿ. ಡೆರಿವೇಶನ್ ಮನೆಯಲ್ಲಿ, ಪುಸ್ತಕ ಮುಚ್ಚಿಟ್ಟು ಬರೆಯಬೇಕು.

ಮುಂದೆ ಐಐಟಿಯಲ್ಲಿ ಎಂಎಸ್ಸಿ ಬೇಕೆನ್ನುವವರು ಗಮನಿಸಿ: ಅದಕ್ಕಿರುವ ಜ್ಯಾಮ್ ಪ್ರವೇಶ ಪರೀಕ್ಷೆಯಲ್ಲಿ ಗಣಿತಕ್ಕೂ ಭೌತಶಾಸ್ತ್ರಕ್ಕೂ ಪತ್ರಿಕೆ ಇದೆ, ಕಂಪ್ಯೂಟರ್ ಸೈನ್ಸ್‌ಗೆ ಇಲ್ಲ. ಎಂಸಿಎಗೆ ಕರ್ನಾಟಕದಲ್ಲಿ ಪಿಜಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಇದೆ. ಜ್ಯಾಮ್ ನಡೆಯುವುದು ಫೆಬ್ರವರಿಯಲ್ಲಾದರೂ ಅರ್ಜಿ ಹಿಂದಿನ ಸೆಪ್ಟೆಂಬರ್ ಹೊತ್ತಿಗೇ ಶುರುವಾಗುತ್ತದೆ.