ಮಳೆ ನಕ್ಷತ್ರ ನೋಡಿಕೊಂಡು ಲೇಖನ ಬರೆಯುವ ಕೆಲಸ

ಚಿಕ್ಕಮಗಳೂರಲ್ಲೇ ಇದ್ದುಕೊಂಡು ಊಟ-ತಿಂಡಿ, ಜಾತ್ರೆ, ಆಚರಣೆ ಬಗ್ಗೆ ಫ್ರೀಲಾನ್ಸ್ ಬರೆದು ಬದುಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಬದುಕಬಹುದು. ಆದರೆ ಇದು ಬರೆಯುವುದಕ್ಕಿಂತ ಜಾಸ್ತಿ ಕಾಲದ ಲೆಕ್ಕ ಇಡುವ ಕೆಲಸ.

ನನ್ನ ಡೈರಿಯಲ್ಲಿ ತಿಂಗಳ ಪಕ್ಕ ಮಳೆ ನಕ್ಷತ್ರವೂ ಇರುತ್ತದೆ. ಆರಿದ್ರಾ, ಪುನರ್ವಸು ಹೊತ್ತಿಗೆ, ಅಂದರೆ ಜೂನ್-ಜುಲೈನಲ್ಲಿ, ಕಳಲೆ (ಎಳೆ ಬಿದಿರು) ಸಿಗುತ್ತದೆ. ಆಗ ಓಡಾಡಿ, ಫೋಟೊ ತೆಗೆದು, ಬರೆದು ಕಳಿಸುವಷ್ಟರಲ್ಲಿ ಮ್ಯಾಗಜೀನಿನವರು ಗಣೇಶನ ಹಬ್ಬದ ಪುಟ ಕಟ್ಟುತ್ತಿರುತ್ತಾರೆ. ಹಾಗಾಗಿ ಈ ವರ್ಷದ ಕಳಲೆ ಮುಂದಿನ ವರ್ಷದ ಲೇಖನ. ಎಲ್ಲ ತೆಗೆದಿಟ್ಟುಕೊಂಡು ಏಪ್ರಿಲ್‌ನಲ್ಲಿ ಸಂಪಾದಕರಿಗೆ ಚಿಕ್ಕದೊಂದು ಮೇಲ್ ಹಾಕುತ್ತೇನೆ. ಕಾಫಿ ಹೂವಿಗೆ ಮಾತ್ರ ಈ ಲೆಕ್ಕ ನಡೆಯಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ನಾಲ್ಕು ದಿನಕ್ಕೆ ಮುಗಿದೂ ಹೋಗುತ್ತದೆ, ಬೆಂಗಳೂರಿನಿಂದ ಬರುವವರಿಗೆ ಅದು ಸಿಕ್ಕರೆ ಅದೃಷ್ಟ. ಇಲ್ಲೇ ಇರುವ ನಮಗೆ ಅದೇ ಲಾಭ ಅಲ್ವಾ!

ಇನ್ನೊಂದು, ಸುದ್ದಿ ಮಾರಲು ಹೋಗಬೇಡಿ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನದ ಹಾಸನಾಂಬೆ ಗುಡಿಯ ಬಾಗಿಲು ತೆರೆಯುತ್ತದೆ ಅನ್ನೋದನ್ನು ಎಲ್ಲ ಪತ್ರಿಕೆಯ ವರದಿಗಾರರೂ ಬರೆಯುತ್ತಾರೆ. ನಮ್ಮಿಂದ ಅದನ್ನು ಯಾರು ಕೊಳ್ಳುತ್ತಾರೆ? ಗಂಟೆಗಟ್ಟಲೆ ಕ್ಯೂನಲ್ಲಿ ನಿಂತವರು ಮನೆಯಿಂದ ಏನು ಕಟ್ಟಿಕೊಂಡು ಬಂದಿದ್ದಾರೆ, ಮಕ್ಕಳಿಗೆ ಏನು ತಿನ್ನಿಸುತ್ತಾರೆ ಅಂತ ಕೇಳಿ ಬರೆದರೆ ಕೊಳ್ಳುತ್ತಾರೆ.

ಅಡುಗೆ ಬರೆಯುವಾಗ ಅಳತೆಯದ್ದೇ ದೊಡ್ಡ ತಲೆನೋವು. "ಅಜ್ಜಿ, ಉಪ್ಪು ಎಷ್ಟು?" ಅಂದರೆ "ಸಾಕಾಗೋವಷ್ಟು ಹಾಕು" ಅಂತಾರೆ. ಅದಕ್ಕೆ ಬ್ಯಾಗಲ್ಲಿ ಸಣ್ಣ ತಕ್ಕಡಿ ಇಟ್ಟುಕೊಂಡಿದ್ದೇನೆ. ಅವರು ಕೈಗೆ ತೆಗೆದುಕೊಂಡಿದ್ದನ್ನು ಮೊದಲು ನನ್ನ ಬಟ್ಟಲಿಗೆ ಹಾಕಿಸಿ, ತೂಗಿ, ಆಮೇಲೆ ಪಾತ್ರೆಗೆ. ಅಜ್ಜಿಯಂದಿರು ನಗುತ್ತಾರೆ, ನಗಲಿ. ಕಳಲೆ ಹೆಚ್ಚಿ ಮೂರು ದಿನ ನೆನೆಹಾಕಿ ದಿನಾ ನೀರು ಚೆಲ್ಲಬೇಕು ಅನ್ನೋ ಸಾಲನ್ನು ಜಾಗ ಇಲ್ಲ ಅಂತ ಯಾರಾದರೂ ಕತ್ತರಿಸಿದರೆ ಮಾತ್ರ ನಾನು ಜಗಳಕ್ಕೇ ನಿಲ್ಲುತ್ತೇನೆ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇದೆ, ಓದಿದವರು ಸುಮ್ನೆ ಹುರಿದು ತಿಂದರೆ ಏನು ಗತಿ?

ದುಡ್ಡಿನ ವಿಷಯ. ಬಹಳ ಕಡೆ ಲೇಖನ ಅಚ್ಚಾದ ಮೇಲೆ ಸಂಭಾವನೆ, ಅದೂ ಯಾವಾಗಲೋ. ನಡುವಿನ ತಿಂಗಳು ನಡೆಯೋದು ಅನುವಾದ, ಹೋಟೆಲ್ ಮೆನು ಬರೆಯೋದರಿಂದ. ಸಂಭಾವನೆ ಕೊಡುವಾಗಲೇ ಟಿಡಿಎಸ್ ಅಂತ ತೆರಿಗೆ ಹಿಡಿದಿದ್ದರೆ ಅದು ಆದಾಯ ತೆರಿಗೆ ಇಲಾಖೆಯವರು ನಮ್ಮ ಹೆಸರಲ್ಲಿ ಇಡುವ ತೆರಿಗೆ ಲೆಕ್ಕದ ಪಟ್ಟಿಯಲ್ಲಿ (26ಎಎಸ್) ಕಾಣುತ್ತದೆ. ನಮ್ಮಂಥ ಸಣ್ಣ ಆದಾಯದವರು ರಿಟರ್ನ್ಸ್ ಹಾಕಿದರೆ ಸಾಮಾನ್ಯವಾಗಿ ವಾಪಸ್ ಬರುತ್ತದೆ, ಬಿಡಬೇಡಿ.

ಹೋಮ್‌ಸ್ಟೇನವರು "ಬನ್ನಿ ಮೇಡಂ, ಎರಡು ದಿನ ಇದ್ದು ಹೋಗಿ, ದುಡ್ಡೆಲ್ಲ ಬೇಡ" ಅಂತ ಕರೆಯುತ್ತಾರೆ. ಬರೆಯಬೇಕಾದ ಜಾಗ ಅಂದರೆ ಬಿಲ್ ಕಟ್ಟಿಯೇ ಬರುತ್ತೇನೆ. ಕಟ್ಟಲು ಆಗದಿದ್ದ ತಿಂಗಳು ಅವರ ಅಡುಗೆಮನೆಯನ್ನು ಲೇಖನದಿಂದಲೇ ಬಿಡುತ್ತೇನೆ.