ಹಳೇ ಟಾಟಾ 1613 ಲಾರಿಗೆ ದಪ್ಪ ಹೊಗೆ ಪೈಪು: ನನ್ನ ಅನುಭವ

ನನ್ನ ಲಾರಿಗೆ ದಪ್ಪ ಹೊಗೆ ಪೈಪು ಹಾಕಿಸುತ್ತೇನೆ ಅಂದಾಗ, ಬ್ಯಾಕ್ ಪ್ರೆಶರ್ (ಹೊಗೆಗೆ ಪೈಪಿನಲ್ಲಿ ಎದುರಾಗುವ ಒತ್ತಡ) ಇಲ್ಲದಿದ್ದರೆ ಪುಲ್ಲಿಂಗ್ ಹೋಗುತ್ತದೆ ಅಂತ ಹಾಸನದ ಲಾರಿ ಸ್ಟ್ಯಾಂಡಿನಲ್ಲಿ ಎಲ್ಲರೂ ಹೇಳಿದರು. ಹಳೇ ಗಾಡಿಗೆ ಇಷ್ಟು ದುಡ್ಡು ಯಾಕೆ ಅಂದವರೂ ಇದ್ದರು. ಟರ್ಬೊ (ಹೊಗೆಯ ಬಲದಿಂದ ತಿರುಗಿ ಇಂಜಿನ್ನಿಗೆ ಗಾಳಿ ತುಂಬುವ ಫ್ಯಾನು) ಇರುವ ಗಾಡಿಗೆ ಆ ಮಾತು ಸಲ್ಲುವುದಿಲ್ಲ ಅಂತ ನಾನು ಪಟ್ಟು ಹಿಡಿದೆ. ಈಗ ಅದೇ ಗಾಡಿ ಫುಲ್ ಲೋಡಿನಲ್ಲಿ ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ, ಮೊದಲು ಸೆಕೆಂಡ್ ಗೇರಿಗೆ ಇಳಿಸುತ್ತಿದ್ದ ಎಷ್ಟೋ ತಿರುವಿನಲ್ಲಿ ಥರ್ಡಿನಲ್ಲೇ ಎಳೆಯುತ್ತದೆ.

ಇಂಜಿನ್ 697 ಟರ್ಬೊ, 5675 ಸಿಸಿ. ಡೀಸೆಲ್ ಪಂಪು, ನಾಜಲ್ಲು, ಏರ್ ಫಿಲ್ಟರ್ ಮೊದಲೇ ಸರಿ ಮಾಡಿಸಿದ್ದೆ. ಅದನ್ನು ಬಿಟ್ಟು ಪೈಪಿಗೆ ಕೈ ಹಾಕಿದರೆ ದುಡ್ಡು ದಂಡ.

ಎಲ್ಲರೂ ಸೈಲೆನ್ಸರಿನಿಂದ ಶುರು ಮಾಡುತ್ತಾರೆ. ನಾನು ಮ್ಯಾನಿಫೋಲ್ಡಿನಿಂದ (ಸಿಲಿಂಡರುಗಳ ಹೊಗೆಯನ್ನು ಟರ್ಬೊಗೆ ಒಯ್ಯುವ ಕವಲು ಪೈಪು) ಶುರು ಮಾಡಿದೆ. ಟರ್ಬೊಗಿಂತ ಮುಂಚೆ ಹೊಗೆ ಸೋರಿದರೆ ಅದನ್ನು ತಿರುಗಿಸಬೇಕಾದ ಶಕ್ತಿ ಅಲ್ಲೇ ಹೋಯಿತಲ್ವಾ? ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು. ಕೊನೇ ಸಿಲಿಂಡರ್ ಹತ್ತಿರ ಪ್ಯಾಕಿಂಗ್ ಸುತ್ತ ಮಸಿಯ ಗೆರೆ. ಬಿಚ್ಚಿ, ನೇರ ಪಟ್ಟಿ ಇಟ್ಟು ನೋಡಿದರೆ ಫೀಲರ್ ಗೇಜಿನ 0.3 ಮಿಲಿಮೀಟರ್ ಎಲೆ ಆರಾಮಾಗಿ ಒಳಗೆ ಹೋಗುತ್ತಿತ್ತು. ಬಿಚ್ಚುವಾಗ ಎರಡು ಮೂರು ಸ್ಟಡ್ ಹೆಡ್ಡಿನಲ್ಲೇ ತುಂಡಾದವು. ಡ್ರಿಲ್ ಹಾಕಿ ತೆಗೆಸಿ, ಮುಖ ಗ್ರೈಂಡ್ ಮಾಡಿಸಿ, ಹೊಸ ಪ್ಯಾಕಿಂಗ್, ಸ್ಟಡ್ ಎಲ್ಲ ಸೇರಿ ಏಳೆಂಟು ಸಾವಿರ ಆಯಿತು. ಪೈಪು ಮುಟ್ಟುವ ಮೊದಲೇ ಬೂಸ್ಟು (ಟರ್ಬೊ ತುಂಬುವ ಗಾಳಿಯ ಒತ್ತಡ) ಬೇಗ ಬರಲು ಶುರುವಾಯಿತು.

ಆಮೇಲೆ ಪೈಪು. ಮೂರು ಇಂಚಿನಿಂದ ಮೂರೂವರೆಗೆ ಹೋದೆ. ಕಣ್ಣಿಗೆ ಅಂಥ ವ್ಯತ್ಯಾಸ ಕಾಣುವುದಿಲ್ಲ, ಆದರೆ ಒಳಗಿನ ಜಾಗ ಮೂರನೇ ಒಂದು ಪಾಲಿಗಿಂತ ಜಾಸ್ತಿ ಸಿಗುತ್ತದೆ. ಮೊದಲು ಒಂದು ವರ್ಕ್‌ಶಾಪಿನಲ್ಲಿ 304 (ಒಂದು ಜಾತಿಯ ಸ್ಟೇನ್‌ಲೆಸ್) ಸ್ಟೀಲ್ ಅಂತ ಹೇಳಿ ಇಪ್ಪತ್ತು ಸಾವಿರದ ಹತ್ತಿರ ತೆಗೆದುಕೊಂಡರು. ಪೈಪನ್ನು ಚಾಸಿಗೆ ಗಟ್ಟಿಯಾಗಿ ಕ್ಲಾಂಪ್ ಮಾಡಿಬಿಟ್ಟರು. ತಿಂಗಳೊಳಗೆ ಟರ್ಬೊ ಫ್ಲ್ಯಾಂಜಿನ ವೆಲ್ಡಿಂಗ್ ಬಾಯಿ ಬಿಟ್ಟಿತು. ಮತ್ತೆ ವೆಲ್ಡ್ ಮಾಡಿಸಿದೆ, ಮತ್ತೆ ಬಿಟ್ಟಿತು. ವೆಲ್ಡರ್ ಕೈ ಸರಿಯಿಲ್ಲ ಅಂತ ಎಲ್ಲರೂ ಅಂದರು. ವಿಷಯ ಅದಲ್ಲ. ಇಂಜಿನ್ ಮೌಂಟಿಂಗ್ ಮೇಲೆ ಅಲ್ಲಾಡುತ್ತದೆ, ಚಾಸಿ ಅಲ್ಲಾಡುವುದಿಲ್ಲ. ಜೊತೆಗೆ ಎರಡು ಮೀಟರ್ ಪೈಪು 400 ಡಿಗ್ರಿ ಬಿಸಿಯಾದರೆ 304 ಸುಮಾರು 14 ಮಿಲಿಮೀಟರ್ ಉದ್ದ ಆಗುತ್ತದೆ. ಆ ಉದ್ದ ಎಲ್ಲಿಗೆ ಹೋಗಬೇಕು?

ಅದನ್ನು ಪೂರ್ತಿ ಬಿಚ್ಚಿ 409 ಅನ್ನೋ ಇನ್ನೊಂದು ಜಾತಿ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಸಿದೆ. ಬೆಲೆ ಕಮ್ಮಿ, ಹಿಗ್ಗುವುದೂ ಕಮ್ಮಿ. ಮೇಲೆ ಕೆಂಪಗೆ ತುಕ್ಕು ಕಾಣುತ್ತದೆ, ಅದಕ್ಕೆ ಹೆದರಬೇಡಿ, ಬೇಗ ತೂತಾಗುವುದಿಲ್ಲ. ಮ್ಯಾಗ್ನೆಟ್ ಇಟ್ಟರೆ 409 ಹಿಡಿಯುತ್ತದೆ. 304 ಹಿಡಿಯುವುದಿಲ್ಲ, ಆದರೆ ಅಗ್ಗದ 202 ಕೂಡ ಹಿಡಿಯುವುದಿಲ್ಲ. ಮೋಸ ನಡೆಯುವುದೇ ಅಲ್ಲಿ. ಟರ್ಬೊ ಆದಮೇಲೆ ಒಳ್ಳೆ ಜಾಲರಿ ಬೆಲ್ಲೋಸ್ (ಬಾಗುವ ಪೈಪಿನ ತುಂಡು), ಚಾಸಿಗೆ ರಬ್ಬರ್ ಹ್ಯಾಂಗರ್. ಹ್ಯಾಂಗರ್ ಎಲ್ಲಿ ಕೂರಿಸಬೇಕು, ಸ್ಲಿಪ್ ಜಾಯಿಂಟಿಗೆ ಏನು ಹಚ್ಚಬೇಕು ಅನ್ನೋದು ನನ್ನ ಹತ್ತಿರವೇ ಇರಲಿ. ತುಂಬಾ ದುಡ್ಡು ಸುರಿದು ಕಲಿತದ್ದು.

ಎಕ್ಸಾಸ್ಟ್ ಬ್ರೇಕ್ (ಹೊಗೆ ದಾರಿ ಮುಚ್ಚಿ ಇಂಜಿನ್ನಿನಿಂದಲೇ ಗಾಡಿ ನಿಧಾನ ಮಾಡುವುದು) ತೆಗೆದುಬಿಡಿ, ಗಾಳಿ ಇನ್ನೂ ಫ್ರೀ ಆಗುತ್ತದೆ ಅಂತ ಸಲಹೆ ಕೊಟ್ಟರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಘಾಟಿ ಇಳಿಯುವಾಗ ಬ್ರೇಕ್ ಡ್ರಮ್ಮು ಉಳಿಸುವುದೇ ಅದು. ಸೋರಿಕೆ ನಿಂತಮೇಲೆ ನನ್ನ ಗಾಡಿಯಲ್ಲಿ ಆ ಬ್ರೇಕು ಮೊದಲಿಗಿಂತ ಗಟ್ಟಿಯಾಗಿ ಹಿಡಿಯುತ್ತಿದೆ.

ಸೈಲೆನ್ಸರ್ ಶಿವಾಜಿನಗರದ ಗುಜರಿಯಿಂದ ತಂದೆ, ಹತ್ತು ಚಕ್ರದ ಗಾಡಿಯದು, ಎರಡು ಸಾವಿರಕ್ಕೆ. ಕೈಯಲ್ಲಿ ತಟ್ಟಿ, ಅಲ್ಲಾಡಿಸಿ ತೆಗೆದುಕೊಳ್ಳಿ. ಒಳಗೆ ಗಡಗಡ ಅಂದರೆ ತಟ್ಟೆ ಕಳಚಿದೆ ಅಂತ ಅರ್ಥ.

ಸುಮ್ನೆ ನೋಡೋಣ ಅಂತ ಡೌನ್‌ಪೈಪಿಗೆ (ಟರ್ಬೊದಿಂದ ಕೆಳಗಿಳಿಯುವ ಪೈಪು) ಬಿಸಿ ತಡೆಯುವ ಗ್ಲಾಸ್ ಫೈಬರ್ ಪಟ್ಟಿ ಸುತ್ತಿದ್ದೆ. ಕ್ಯಾಬಿನ್ ತಂಪಾಯಿತು, ಡ್ರೈವರ್‌ಗೆ ಖುಷಿ. ಮಳೆಗಾಲದಲ್ಲಿ ಮಂಗಳೂರು ಲೈನಿನಲ್ಲಿ ಅದು ನೀರು ಹಿಡಿದು ಕೂತು ಕ್ಲಾಂಪುಗಳನ್ನೆಲ್ಲ ತಿಂದಿತು. ಈಗ ಅಲ್ಲಿ ತಗಡಿನ ಮರೆ ಇದೆ, ಮಧ್ಯೆ ಬೆರಳು ಹೋಗುವಷ್ಟು ಗ್ಯಾಪ್ ಬಿಟ್ಟು. ಅದೇ ವಾಸಿ.

ಅಳೆಯದೆ ಹೇಳುತ್ತಿಲ್ಲ. ಪೈಪಿಗೆ ನಟ್ ವೆಲ್ಡ್ ಮಾಡಿಸಿ, ಉದ್ದದ ತಾಮ್ರದ ನಳಿಗೆಯಲ್ಲಿ ಗೇಜ್ ಕ್ಯಾಬಿನ್ನಿಗೆ ತಂದಿದ್ದೆ. ಏರಿನಲ್ಲಿ ಬ್ಯಾಕ್ ಪ್ರೆಶರ್ 2 ಪಿಎಸ್‌ಐ ಮೇಲಿದ್ದದ್ದು ಈಗ ಒಂದರ ಆಸುಪಾಸು. ಟರ್ಬೊಗೆ ಹೋಗುವ ಹೊಗೆಯ ಬಿಸಿ ಐವತ್ತು ಅರವತ್ತು ಡಿಗ್ರಿ ಇಳಿದಿದೆ. ಎಮಿಷನ್ ಟೆಸ್ಟಿನಲ್ಲಿ ಹಳೇ ಡೀಸೆಲ್ ಗಾಡಿಗೆ 65 ಎಚ್‌ಎಸ್‌ಯು (ಹೊಗೆಯ ಕಪ್ಪಿನ ಅಳತೆ) ಮಿತಿ. ಮೊದಲು ಅಂಚಿನಲ್ಲಿ ಪಾಸಾಗುತ್ತಿತ್ತು, ಈಗ ನಲವತ್ತರ ಒಳಗೆ. ಅದರಲ್ಲಿ ನಾಜಲ್ಲಿನ ಪಾಲೂ ಇದೆ.

ಕೆಟ್ಟುಹೋದ ಪೈಪೂ ಸೇರಿ ಒಟ್ಟು ಐವತ್ತು ಸಾವಿರದ ಹತ್ತಿರ ಖರ್ಚು. ಮೈಲೇಜ್ ನಾಲ್ಕರಿಂದ ನಾಲ್ಕು ಕಾಲು ದಾಟಿದೆ. ಬಾಡಿಗೆ ಬಿಡದೆ ಓಡಿದರೆ ವರ್ಷದೊಳಗೆ ದುಡ್ಡು ವಾಪಸ್. ಟರ್ಬೊ ಇಲ್ಲದ ಗೆಳೆಯನ 1612ಕ್ಕೂ ಇದೇ ಪೈಪು ಹಾಕಿ ನೋಡಿದೆವು. ಸದ್ದು ಬದಲಾಯಿತು, ಏರಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ. ಆ ಗಾಡಿಯವರು ಮ್ಯಾನಿಫೋಲ್ಡ್ ಪ್ಯಾಕಿಂಗ್ ಸರಿ ಮಾಡಿಸಿ, ಉಳಿದ ದುಡ್ಡು ಟೈರಿಗೆ ಹಾಕಲಿ.